ಬೋಟಿನ ಅಡುಗೆಯೊಲೆಯೂ ಗ್ಯಾಸಿನ ಸಿಲಿಂಡರೂ

ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯರಿಗೂ ಅವರ ಹೆತ್ತವರಿಗೂ ಉಪಯೋಗವಾಗತಕ್ಕ ಗೃಹವಿಷಯವೊಂದನ್ನು ಕುರಿತು ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ನಮ್ಮನ್ನು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳಲೆಂದು ನಾವು ಬಹಳ ಹೊತ್ತು ಯೋಚಿಸಬೇಕಾಗಿ ಬರಲಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಕರಾವಳಿಯಲ್ಲಿ ಗಂಡನನ್ನೋ ಮಗನನ್ನೋ ಅಣ್ಣತಮ್ಮಂದಿರನ್ನೋ ಕಡಲಿಗೆ ಕಳುಹಿಸಿ ಕಾಯುತ್ತಿರುವ ಮನೆಗಳು ಎಷ್ಟೋ ಉಂಟು. ಆ ಮನೆಗಳ ಹೆಣ್ಣುಮಕ್ಕಳಲ್ಲಿ ಅನೇಕರು ನಮ್ಮ ಬೆಂಚುಗಳ ಮೇಲೆ ಕುಳಿತು ಓದಿದವರು. ತಮ್ಮ ಮನೆಯ ಅಡುಗೆಕೋಣೆಯಲ್ಲಿ ಗ್ಯಾಸನ್ನು ಹೇಗೆ ಉಪಯೋಗಿಸಬೇಕೆಂಬದನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಬೋಟಿನಲ್ಲಿ ಒಂದು ಅಡುಗೆಮನೆ ಉಂಟೆಂಬದೂ, ಅಲ್ಲಿ ಅದೇ ಗ್ಯಾಸು ಬೇರೊಂದು ಸ್ವಭಾವವನ್ನು ತೋರಿಸುತ್ತದೆಂಬದೂ ಮನೆಮಂದಿಯ ನೆನಪಿಗೆ ಬರುವದು ಅಪರೂಪ.

ಹಿಂದಿನ ಕಾಲದಲ್ಲಿ ಹಂಚು, ಅಕ್ಕಿ, ಉಪ್ಪುಗಳನ್ನು ತುಂಬಿಕೊಂಡು ಹಾಯಿಯ ಬಲದಿಂದ ಹೋಗುತ್ತಿದ್ದ ಮಂಜಿಗಳಲ್ಲಿ ಅಡುಗೆಯು ಸೌದೆಯ ಒಲೆಯಲ್ಲಿ ಆಗುತ್ತಿತ್ತು. ಮರದ ಪೆಟ್ಟಿಗೆಯಲ್ಲಿ ಮರಳನ್ನು ತುಂಬಿ, ಅದರ ಮೇಲೆ ಕಲ್ಲುಗಳನ್ನಿಟ್ಟು, ಬಯಲಾದ ಸ್ಥಳದಲ್ಲಿ ಬೆಂಕಿ ಮಾಡುವದು ಹಾಯಿ ಹಡಗುಗಳ ವಾಡಿಕೆ. ಹೊಗೆಯಿಂದ ಕಣ್ಣು ಉರಿಯುತ್ತಿದ್ದದ್ದು ನಿಜ. ಆದರೂ ಆ ಬೆಂಕಿ ಕಣ್ಣಿಗೆ ಕಾಣುತ್ತಿತ್ತು, ಕಿಡಿ ಹಾರಿದರೆ ತಿಳಿಯುತ್ತಿತ್ತು, ಸೌದೆ ಮುಗಿದರೆ ತಾನಾಗಿ ಆರುತ್ತಿತ್ತು. ನಮ್ಮ ದೇಶದಲ್ಲಿ ಇಂಡೇನ್ ಎಂಬ ಹೆಸರಿನಲ್ಲಿ ಅಡುಗೆ ಅನಿಲವು ಮನೆಗಳಿಗೆ ಬರತೊಡಗಿದ್ದು 1965ರಲ್ಲಿ. ಇಂಜಿನು ಕಟ್ಟಿದ ಬೋಟುಗಳು ದೂರದ ಕಡಲಿಗೆ ಹೋಗಿ ವಾರ, ಹತ್ತು ದಿನ ಅಲ್ಲಿಯೇ ನಿಲ್ಲುವ ಪದ್ಧತಿಯು ಬೆಳೆದ ಮೇಲೆ, ಮನೆಯ ಒಲೆಯನ್ನು ಹಿಂಬಾಲಿಸಿ ಬೋಟಿನ ಒಲೆಯೂ ಗ್ಯಾಸಿಗೆ ಬಂತು. ಬೇಯುವದಕ್ಕೆ ತಾಸುಗಟ್ಟಲೆ ಬೇಕಾಗುವ ನಮ್ಮ ಕುಚ್ಚಲಕ್ಕಿಯನ್ನು ಸೌದೆ ಹೊತ್ತುಕೊಂಡು ಹೋಗಿ ಬೇಯಿಸಿರೆಂದು ಕಲಾಸಿಗಳಿಗೆ ಇಂದು ಯಾರೂ ಹೇಳಲಾರರು. ಆದದರಿಂದ ಗ್ಯಾಸು ಬೇಡವೆಂಬದು ನಮ್ಮ ವಾದವಲ್ಲ.

ನಾವು ಈ ವಿಷಯವನ್ನು ಮನಸ್ಸಿಗೆ ಹಚ್ಚಿಕೊಂಡದ್ದು ಒಂದು ಸಣ್ಣ ಮಾತಿನಿಂದ. ಮಳೆಗಾಲದ ರಜೆ ತೀರಿ ಬೋಟುಗಳು ಹೊರಡುವದಕ್ಕೆ ಸಿದ್ಧವಾಗುತ್ತಿದ್ದ ದಿವಸಗಳಲ್ಲಿ ನಾವು ಹಳೆ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆವು. ಅವಳ ಅತ್ತೆಯು ಅಡುಗೆಕೋಣೆಯ ಗ್ಯಾಸಿನ ಹಳೆ ರಬ್ಬರ್ ಪೈಪನ್ನು ತೆಗೆದು ಹೊಸತನ್ನು ಹಾಕಿಸಿದ್ದರು. ತೆಗೆದ ಪೈಪನ್ನು ಸುತ್ತಿ ಮಗನ ಚೀಲಕ್ಕೆ ಇಡುತ್ತಾ ಅವರು ಹೇಳಿದ್ದು ಹೀಗೆ: “ಮನಿಗ್ ಆತಿಲ್ಲೆ, ಬೋಟಿಗ್ ಸಾಕ್.” ಆ ಮಾತಿನಲ್ಲಿ ಉದಾಸೀನವಿರಲಿಲ್ಲ, ಒಳ್ಳೆಯ ಗೃಹಿಣಿಯ ಮಿತವ್ಯಯವಿತ್ತು. ಹಳೆ ಚಾಪೆ, ಹಳೆ ಪಾತ್ರೆ, ತೂತಾದ ಕಂಬಳಿ ಎಲ್ಲವೂ ಬೋಟಿಗೆ ಹೋಗುವದೇ ವಾಡಿಕೆಯಲ್ಲವೆ? ಚಾಪೆಯ ವಿಷಯದಲ್ಲಿ ಅದು ಸರಿ. ಪೈಪಿನ ವಿಷಯದಲ್ಲಿ ಮಾತ್ರ ಅದನ್ನು ತಿರುಗಿಸಿ ಹೇಳಬೇಕು: ಬೋಟಿಗೆ ಆಗದ್ದು ಮನೆಗೆ ಸಾಕಾದರೂ ಆಗಬಹುದು, ಮನೆಗೆ ಆಗದ್ದು ಬೋಟಿಗೆ ಎಂದಿಗೂ ಆಗದು. ಇದರ ಕಾರಣವನ್ನು ಸ್ವಲ್ಪ ವಿಚಾರಿಸೋಣ.

ವಿಜ್ಞಾನದ ಕೋಣೆಯಲ್ಲಿ ನಮ್ಮ ಹುಡುಗಿಯರಿಗೆ ಬಹಳ ಪ್ರಿಯವಾದ ಪ್ರಯೋಗವೊಂದುಂಟು. ಒಂದು ಅಗಲವಾದ ಗಾಜಿನ ಬೋಗುಣಿಯಲ್ಲಿ ಗಿಡ್ಡದೊಂದು, ಎತ್ತರದ್ದೊಂದು, ಹೀಗೆ ಎರಡು ಮೇಣದಬತ್ತಿಗಳನ್ನು ಹಚ್ಚಿಡಬೇಕು. ಬೇರೊಂದು ಹೂಜಿಯಲ್ಲಿ ಅಡುಗೆಸೋಡ ಹಾಕಿ ಲಿಂಬೆರಸವನ್ನಾಗಲಿ ವಿನೆಗರನ್ನಾಗಲಿ ಹೊಯ್ದರೆ ನೊರೆಯೆದ್ದು ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ನೊರೆ ಇಳಿದ ಮೇಲೆ, ದ್ರವವು ಚೆಲ್ಲದಂತೆ ಹೂಜಿಯನ್ನು ಮೆಲ್ಲಗೆ ಬೋಗುಣಿಯ ಕಡೆಗೆ ವಾಲಿಸಬೇಕು. ಕಣ್ಣಿಗೆ ಏನೂ ಕಾಣದು. ಆದರೆ ಗಿಡ್ಡ ಬತ್ತಿ ಮೊದಲು ಆರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಎತ್ತರದ ಬತ್ತಿಯೂ ಆರುತ್ತದೆ. ಕಾಣದ ಆ ಅನಿಲವು ನೀರಿನಂತೆ ಹರಿದು, ಬೋಗುಣಿಯ ತಳದಲ್ಲಿ ನಿಂತು, ಕೆಳಗಿನಿಂದ ಮೇಲಕ್ಕೆ ತುಂಬಿತು. ಅದು ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರ. ಮಕ್ಕಳಿರುವ ಮನೆಯಲ್ಲಿ ಇದನ್ನು ಯಾರಾದರೂ ಮಾಡಿ ನೋಡಬಹುದು, ಅಪಾಯವೇನೂ ಇಲ್ಲ.

ಸಿಲಿಂಡರಿನಲ್ಲಿರುವ ಅಡುಗೆ ಅನಿಲವು ಪ್ರೊಪೇನ್, ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಪ್ರೊಪೇನು ಮೇಲೆ ಹೇಳಿದ ಅನಿಲದಷ್ಟೇ, ಅಂದರೆ ಗಾಳಿಯ ಒಂದೂವರೆ ಪಾಲು ತೂಗುತ್ತದೆ. ಬ್ಯುಟೇನು ಎರಡು ಪಾಲು. ಆದಕಾರಣ ಸೋರಿದ ಗ್ಯಾಸು ಮೇಲಕ್ಕೆ ಹಾರಿಹೋಗುವದಿಲ್ಲ. ನೆಲಕ್ಕೆ ಇಳಿದು ತಗ್ಗನ್ನು ಹುಡುಕಿಕೊಂಡು ಹರಿಯುತ್ತದೆ. ಮನೆಯಲ್ಲಾದರೆ ಅಡುಗೆಕೋಣೆಯ ಹೊಸ್ತಿಲನ್ನು ದಾಟಿ ಹಿತ್ತಿಲ ಬಾಗಿಲಿನಿಂದ ಅಂಗಳಕ್ಕೆ ಇಳಿದುಹೋಗುವ ದಾರಿ ಅದಕ್ಕುಂಟು. ಬೋಟಿಗೆ ಹಿತ್ತಿಲ ಬಾಗಿಲು ಎಲ್ಲಿ? ನೀರು ಒಳಕ್ಕೆ ಬಾರದಂತೆ ಹಲಗೆಯ ಸಂದುಗಳನ್ನೆಲ್ಲ ಬಿಗಿದು, ಫೈಬರನ್ನು ಹೊದಿಸಿ, ಒಂದು ಹನಿಯೂ ನುಗ್ಗದಂತೆ ಮಾಡಿದ ಪಾತ್ರೆಯಲ್ಲವೆ ಅದು? ಹೊರಗಿನ ನೀರನ್ನು ಒಳಕ್ಕೆ ಬಿಡದ ಪಾತ್ರೆಯು ಒಳಗಿನ ಗ್ಯಾಸನ್ನೂ ಹೊರಕ್ಕೆ ಬಿಡದು. ಕ್ಯಾಬಿನಿನಲ್ಲಿ ಸೋರಿದ್ದು ಹಲಗೆಯ ಕೆಳಗೆ ಇಳಿದು, ಇಂಜಿನಿನ ಅಡಿಯಲ್ಲಿ ಎಣ್ಣೆನೀರು ನಿಲ್ಲುವ ತಳಕ್ಕೆ ಹೋಗಿ ಅಲ್ಲಿ ತಂಗುತ್ತದೆ. ಯಾರಾದರೂ ಹೊರಗೆ ಹಾಕುವ ತನಕ ಅಲ್ಲಿಯೇ ಇರುತ್ತದೆ. ನಮ್ಮ ಪ್ರಯೋಗದ ಅನಿಲವು ಬತ್ತಿಯನ್ನು ಆರಿಸಿತು. ಇದು ಬತ್ತಿಯನ್ನು ಕಂಡರೆ ಹತ್ತಿಕೊಳ್ಳುತ್ತದೆ ಎಂಬಷ್ಟೇ ಭೇದ.

ಎಷ್ಟು ಗ್ಯಾಸು ಸೋರಿದರೆ ಅಪಾಯವೆಂದು ಕೇಳಬಹುದು. ನೂರು ಪಾಲು ಗಾಳಿಯಲ್ಲಿ ಸುಮಾರು ಎರಡು ಪಾಲು ಗ್ಯಾಸು ಬೆರೆತರೆ ಅದು ಕಿಡಿಗೆ ಹತ್ತಿಕೊಳ್ಳತಕ್ಕ ಮಿಶ್ರಣವಾಗುತ್ತದೆ; ಒಂಬತ್ತು ಹತ್ತು ಪಾಲಿನ ಮೇಲೆ ಹೋದರೆ ಗಾಳಿ ಸಾಲದೆ ಹತ್ತದು. ಮೂರು ಮೀಟರು ಉದ್ದ, ಎರಡು ಮೀಟರು ಅಗಲ, ಎರಡು ಮೀಟರು ಎತ್ತರದ ಕ್ಯಾಬಿನಿನಲ್ಲಿ 12 ಘನ ಮೀಟರು ಗಾಳಿ ಇರುತ್ತದೆ. ಅದರ ನೂರಕ್ಕೆ ಎರಡು ಪಾಲೆಂದರೆ 240 ಲೀಟರು ಗ್ಯಾಸು. ಇದು ಬಹಳವೆಂದು ತೋರೀತು; ಆದರೆ ಸಿಲಿಂಡರಿನಲ್ಲಿ ದ್ರವರೂಪದಲ್ಲಿರುವ ಒಂದು ಲೀಟರು ಹೊರಗೆ ಬಂದರೆ ಸುಮಾರು 250 ಲೀಟರು ಗ್ಯಾಸಾಗಿ ಹಬ್ಬುತ್ತದೆ. ತೂಕದಲ್ಲಿ ಅದು ಅರ್ಧ ಕಿಲೋ. ಹೀಗೆ 14.2 ಕಿಲೋ ಸಿಲಿಂಡರಿನಲ್ಲಿ ಅಂಥ ಕ್ಯಾಬಿನುಗಳು ಇಪ್ಪತ್ತೈದಕ್ಕೂ ಹೆಚ್ಚನ್ನು ತುಂಬತಕ್ಕಷ್ಟು ಗ್ಯಾಸುಂಟು. ಮತ್ತು ಅದು ಸಮವಾಗಿ ಹರಡದೆ ತಳದಲ್ಲಿ ಮಡುಗಟ್ಟುವದರಿಂದ ಅರ್ಧ ಕಿಲೋವೂ ಬೇಕಾಗಿಲ್ಲ.

ಇನ್ನು ಕಿಡಿಯ ಮಾತು. ಅಡುಗೆ ಮಾಡುವವನು ಬೀಡಿ ಸೇದದಿದ್ದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಆದರೆ ಇಂಜಿನನ್ನು ಚಾಲೂ ಮಾಡುವ ಸ್ಟಾರ್ಟರಿನಲ್ಲಿ ಕಿಡಿಯುಂಟು, ಬ್ಯಾಟರಿಯ ಸಡಿಲವಾದ ತಂತಿಯಲ್ಲಿ ಉಂಟು, ದೀಪದ ಸ್ವಿಚ್ಚಿನಲ್ಲಿ ಉಂಟು, ತಳದ ನೀರನ್ನು ಹೊರಹಾಕುವ ವಿದ್ಯುತ್ ಪಂಪಿನಲ್ಲಿಯೂ ಉಂಟು. ಇವೆಲ್ಲ ಇರುವದು ಗ್ಯಾಸು ಇಳಿದು ನಿಲ್ಲುವ ಆ ತಗ್ಗಿನಲ್ಲಿಯೇ. ರಾತ್ರಿ ಒಲೆಯ ತಿರುಪನ್ನು ಮಾತ್ರ ತಿರುಗಿಸಿ, ಸಿಲಿಂಡರಿನ ರೆಗ್ಯುಲೇಟರನ್ನು ಬಂದ್ ಮಾಡದೆ ಎಲ್ಲರೂ ಮಲಗಿದರೆಂದು ಭಾವಿಸಿರಿ. ಬಿರುಕು ಬಿಟ್ಟ ಪೈಪಿನಿಂದ ಇರುಳೆಲ್ಲ ಸ್ವಲ್ಪಸ್ವಲ್ಪವಾಗಿ ಸೋರುತ್ತದೆ. ಬೆಳಿಗ್ಗೆ ನಾಲ್ಕು ಗಂಟೆಗೆ ತಾಂಡೇಲನು ಎದ್ದು ಬಲೆ ಹಾಕುವದಕ್ಕೆಂದು ಇಂಜಿನಿನ ಗುಂಡಿ ಒತ್ತುತ್ತಾನೆ. ಅವನು ಬೆಂಕಿಕಡ್ಡಿ ಗೀರಲಿಲ್ಲ, ಒಲೆ ಹಚ್ಚಲಿಲ್ಲ. ಆದರೂ ಅನಾಹುತವಾಗುವದು ಆ ಕ್ಷಣದಲ್ಲಿಯೇ. ಆದದರಿಂದ ಇಂಜಿನು ಚಾಲೂ ಮಾಡುವದಕ್ಕೆ ಮೊದಲು ಇಂಜಿನ್ ಕೋಣೆಯ ಮುಚ್ಚಳವನ್ನು ತೆರೆದು, ತಲೆ ಬಗ್ಗಿಸಿ, ತಳದ ಗಾಳಿಯನ್ನು ಮೂಸಿ ನೋಡುವ ಅಭ್ಯಾಸವನ್ನು ಪ್ರತಿಯೊಂದು ಬೋಟಿನಲ್ಲಿಯೂ ಇಟ್ಟುಕೊಳ್ಳತಕ್ಕದ್ದು. ಒಂದು ನಿಮಿಷದ ಕೆಲಸ. ಬ್ಯಾಟರಿ ದೀಪವನ್ನು ಹಿಡಿದು ಬಗ್ಗುವದಾದರೆ ಅದನ್ನು ಹೊರಗೆ, ಬಯಲಿನಲ್ಲಿ ಹೊತ್ತಿಸಿಕೊಂಡು ಬಗ್ಗಬೇಕು. ಒಳಗೆ ಹೋಗಿ ಹೊತ್ತಿಸಬಾರದು.

ಮೂಗನ್ನು ಮಾತ್ರ ನಂಬಬಹುದೇ ಎಂದರೆ, ಪೂರ್ತಿ ನಂಬಲಾಗದು. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬಹುದು. ನಮಗೆ ತಿಳಿಯಲೆಂದು ಈಥೈಲ್ ಮರ್ಕಾಪ್ಟಾನ್ ಎಂಬ ದುರ್ವಾಸನೆಯ ವಸ್ತುವನ್ನು ಅತಿ ಸ್ವಲ್ಪವಾಗಿ ಅದರಲ್ಲಿ ಬೆರೆಸುತ್ತಾರೆ. ಮನೆಯಲ್ಲಿ ಅದು ಕೂಡಲೆ ತಿಳಿಯುತ್ತದೆ. ಬೋಟಿನಲ್ಲಿಯೋ ಡೀಸೆಲಿನ ವಾಸನೆ, ಮೀನಿನ ವಾಸನೆ, ಒದ್ದೆ ಬಲೆಯ ವಾಸನೆ. ಒಂದು ವಾರ ಅದರ ನಡುವೆ ಇದ್ದವನ ಮೂಗು ಮೊಂಡಾಗಿರುತ್ತದೆ. ನೆಗಡಿಯಾದವನಿಗೂ ಗಾಢನಿದ್ರೆಯಲ್ಲಿರುವವನಿಗೂ ವಾಸನೆಯಿಂದ ಎಚ್ಚರವಾಗುವದೆಂಬ ಭರವಸೆ ಇಲ್ಲ. ಗ್ಯಾಸು ಸೋರಿದರೆ ಕೂಗುವ ಸಣ್ಣ ಯಂತ್ರವು ಪೇಟೆಯಲ್ಲಿ ಸಿಗುತ್ತದೆ. ಅದನ್ನು ಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು: ಹೊಗೆ ತಿಳಿಸುವ ಯಂತ್ರವನ್ನು ಮಾಡಿನ ಹತ್ತಿರ ಕಟ್ಟುವಂತೆ ಇದನ್ನು ಕಟ್ಟಬಾರದು, ನೆಲದಿಂದ ಒಂದು ಮೊಳದ ಒಳಗೆ, ಆದರೆ ನೀರು ಸಿಡಿಯದ ಕಡೆ, ಕೂಡಿಸಬೇಕು. ಮೇಲೆ ಕಟ್ಟಿದರೆ ಅದು ಕೂಗುವ ಹೊತ್ತಿಗೆ ಕೆಳಗೆ ಮಲಗಿದವರು ಗ್ಯಾಸಿನಲ್ಲಿ ಮುಳುಗಿರುತ್ತಾರೆ.

ಹಾಗಾದರೆ ಸಿಲಿಂಡರನ್ನು ಎಲ್ಲಿಡಬೇಕು? ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಅದರ ಸ್ಥಾನ ಬಯಲಾದ ಡೆಕ್ಕಿನ ಮೇಲೆ. ಕ್ಯಾಬಿನಿನ ಒಳಗಲ್ಲ, ಇಂಜಿನಿನ ಪಕ್ಕದಲ್ಲಿ ಅಲ್ಲ, ಮಲಗುವ ಹಲಗೆಯ ಅಡಿಯಲ್ಲಂತೂ ಅಲ್ಲವೇ ಅಲ್ಲ. ಡೆಕ್ಕಿನಲ್ಲಿ ಬಲೆಯ ರಾಶಿ, ಹಗ್ಗ, ಮೀನಿನ ಬುಟ್ಟಿಗಳು ತುಂಬಿರುವಾಗ ಜಾಗವೆಲ್ಲಿಯದೆಂದು ತಾಂಡೇಲರು ಕೇಳುವದು ನ್ಯಾಯವೇ. ಅದಕ್ಕೆ ಹೊರದೇಶಗಳಲ್ಲಿ ಕಂಡುಕೊಂಡ ಉಪಾಯ ಒಂದು ಪೆಟ್ಟಿಗೆ. ನಾಲ್ಕು ಬದಿಗಳೂ ತಳವೂ ಸಂದಿಲ್ಲದೆ ಮುಚ್ಚಿರಬೇಕು, ಬಾಯಿ ಮೇಲಕ್ಕೆ ಮಾತ್ರ ತೆರೆಯಬೇಕು, ತಳದಲ್ಲಿ ಒಂದು ತೂತು ಮಾಡಿ ಅದರಿಂದ ಕೊಳವೆಯನ್ನು ಇಳಿಜಾರಾಗಿ ಬೋಟಿನ ಹೊರಮೈಗೆ ಒಯ್ಯಬೇಕು. ಸೋರಿದ ಗ್ಯಾಸು ತನ್ನ ಭಾರದಿಂದಲೇ ಆ ಕೊಳವೆಯಲ್ಲಿ ಇಳಿದು ಕಡಲಿನ ಮೇಲೆ ಹೋಗುತ್ತದೆ. ಸಣ್ಣ ನೌಕೆಗಳ ಅನಿಲ ವ್ಯವಸ್ಥೆಯನ್ನು ಕುರಿತ ಐ.ಎಸ್.ಒ. 10239 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಈ ಕೊಳವೆಯ ಒಳ ಅಗಲ 19 ಮಿಲಿಮೀಟರಿಗೆ ಕಡಿಮೆಯಾಗಬಾರದೆಂದು ಹೇಳಿದೆ. ಬ್ರಿಟನ್ನಿನ ಕಾಲುವೆಗಳಲ್ಲಿ ಓಡಾಡುವ ದೋಣಿಗಳನ್ನು ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಿಸುವಾಗ ಇಂಥ ಪೆಟ್ಟಿಗೆಯನ್ನೂ ಅದರ ತೂತನ್ನೂ ನೋಡುತ್ತಾರೆ. ನಮ್ಮಲ್ಲಿ ಬೋಟು ಕಟ್ಟುವ ಯಾವ ಬಡಗಿಯಾದರೂ ಇದನ್ನು ಒಂದು ದಿನದಲ್ಲಿ ಮಾಡಿಕೊಟ್ಟಾನು. ಆದರೆ ತೂತಿನ ಎತ್ತರವನ್ನು ಗೊತ್ತುಮಾಡುವಾಗ ದಕ್ಕೆಯಲ್ಲಿ ಬರಿದಾಗಿ ನಿಂತ ಬೋಟನ್ನು ನೋಡಿ ಗುರುತು ಹಾಕಬಾರದು. ಮಂಜುಗಡ್ಡೆಯೂ ಮೀನೂ ತುಂಬಿದ ಬೋಟು ಎಷ್ಟು ಆಳಕ್ಕೆ ಕೂಡುತ್ತದೋ ಅದಕ್ಕೂ ಮೇಲೆ ತೂತಿನ ಬಾಯಿ ಇರಬೇಕು. ಇಲ್ಲವಾದರೆ ಒಳ್ಳೆಯ ಮೀನು ಸಿಕ್ಕಿದ ದಿವಸವೇ ಅದು ನೀರಿನಲ್ಲಿ ಮುಳುಗಿ ಮುಚ್ಚಿಹೋದೀತು. ಕ್ಯಾಬಿನಿನ ಕಿಟಕಿ, ಇಂಜಿನಿನ ಗಾಳಿಕಂಡಿಗಳ ಹತ್ತಿರವೂ ಅದು ಬರಬಾರದು; ಹೊರಹೋದದ್ದು ಮತ್ತೆ ಒಳಬರಬಾರದಲ್ಲ.

ಎರಡನೆಯ ಸಿಲಿಂಡರಿಗೂ ಇದೇ ನಿಯಮ. ಬದಲಿಗೆಂದು ಒಯ್ಯುವದನ್ನು ಕೆಳಗೆ ತಳ್ಳಿಬಿಡುವದು ಎಲ್ಲೆಲ್ಲಿಯೂ ಕಾಣುವ ತಪ್ಪು. ಖಾಲಿಯಾಯಿತೆಂದು ತೆಗೆದಿಟ್ಟದ್ದರಲ್ಲಿಯೂ ಸ್ವಲ್ಪ ಗ್ಯಾಸು ಉಳಿದೇ ಇರುತ್ತದೆ. ಆದಕಾರಣ ದಾರದಲ್ಲಿ ಕಟ್ಟಿಕೊಂಡು ಬರುವ ಆ ಪ್ಲಾಸ್ಟಿಕ್ ಮುಚ್ಚಳವನ್ನು ಬಿಸಾಡದೆ ಅದರ ಬಾಯಿಗೆ ಒತ್ತಿ ಕೂಡಿಸಬೇಕು.

ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಬೇಕೆಂಬದನ್ನು ಮನೆಯಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲಿ ಅದು ತಾನಾಗಿ ನಿಂತಿರುತ್ತದೆ. ಅಳಿವೆಯ ಬಾಯಲ್ಲಿ ತೆರೆ ಏಳುವಾಗ ಹಾಗಲ್ಲ. ಅದು ಉರುಳಿ ಮಲಗಿತೆಂದರೆ ಮೇಲ್ಗಡೆ ಇರುವ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಒಂದಕ್ಕೆ ಇನ್ನೂರೈವತ್ತಾಗಿ ಹಬ್ಬುವ ವಸ್ತುವೆಂದು ಮೇಲೆ ಹೇಳಿದೆವು. ಅದು ಉರಿಯುತ್ತಿರುವ ಒಲೆಗೆ ಬಂದರೆ ಜ್ವಾಲೆಯು ಮಾಡನ್ನು ಮುಟ್ಟೀತು. ಆದದರಿಂದ ಅದನ್ನು ಬುಡದಲ್ಲಿಯೂ ಹೆಗಲಿನಲ್ಲಿಯೂ ಎರಡು ಕಟ್ಟುಗಳಿಂದ ಬಿಗಿಯತಕ್ಕದ್ದು. ಬೆಂಕಿ ಬಿದ್ದರೆ ಕೂಡಲೆ ಬಿಚ್ಚಿ ತೆಗೆಯಲು ಬರುವಂಥ ಗಂಟು ಹಾಕಬೇಕು. ಗಂಟುಗಳ ವಿಷಯದಲ್ಲಿ ಕಡಲಮಕ್ಕಳಿಗೆ ನಾವು ಪಾಠ ಹೇಳುವದು ಬೇಡ.

ಪೈಪಿನ ವಿಷಯಕ್ಕೆ ಮರಳೋಣ. ಒಳಗೆ ಉಕ್ಕಿನ ತಂತಿಯನ್ನು ಹೆಣೆದ, ಕಿತ್ತಳೆ ಬಣ್ಣದ “ಸುರಕ್ಷಾ” ಪೈಪುಗಳನ್ನು ಗ್ಯಾಸಿನ ಏಜೆನ್ಸಿಗಳಲ್ಲಿ ಮಾರುತ್ತಾರೆ. ಅದರ ಆಯುಷ್ಯ ಮನೆಯಲ್ಲಿ ಐದು ವರ್ಷ. ಮೇಲೆಯೇ ಅಚ್ಚು ಹಾಕಿರುತ್ತಾರೆ. ಬೋಟಿನಲ್ಲಿ ಬಿಸಿಲು, ಉಪ್ಪುಗಾಳಿ, ಇಂಜಿನಿನ ಅದಿರಾಟ ಇವು ಮೂರೂ ಸೇರಿ ರಬ್ಬರನ್ನು ತಿನ್ನುವದರಿಂದ ಅಷ್ಟು ಕಾಲ ಕಾಯಬಾರದು; ಎರಡು ಹಂಗಾಮಿಗೊಮ್ಮೆ ಬದಲಿಸಿದರೆ ಉತ್ತಮವೆಂದು ನಮ್ಮ ಅಭಿಪ್ರಾಯ. ರೆಗ್ಯುಲೇಟರಿನ ಒಳಗೆ ಸಣ್ಣ ಸ್ಪ್ರಿಂಗೂ ತೆಳುವಾದ ರಬ್ಬರ್ ಪೊರೆಯೂ ಇರುತ್ತವೆ. ಉಪ್ಪು ಹಿಡಿದ ಸ್ಪ್ರಿಂಗು ಮುಚ್ಚಿದಂತೆ ತೋರಿದರೂ ಮುಚ್ಚದು. ಸಿಲಿಂಡರನ್ನು ತೆಗೆದುಕೊಳ್ಳುವಾಗ ಅದರ ಕುತ್ತಿಗೆಯ ಸುತ್ತಲಿನ ಪಟ್ಟಿಯ ಒಳಬದಿಯಲ್ಲಿ ಬರೆದ ಅಕ್ಷರವನ್ನೂ ಅಂಕೆಯನ್ನೂ ಓದಬೇಕು. ‘ಎ’ ಎಂದರೆ ಜನವರಿಯಿಂದ ಮಾರ್ಚಿ, ‘ಬಿ’ ಎಂದರೆ ಏಪ್ರಿಲಿನಿಂದ ಜೂನು, ‘ಸಿ’ ಜುಲೈಯಿಂದ ಸೆಪ್ಟೆಂಬರು, ‘ಡಿ’ ಕಡೆಯ ಮೂರು ತಿಂಗಳು. ಅದರ ಮುಂದಿನ ಅಂಕೆ ವರ್ಷ. ಸಿಲಿಂಡರನ್ನು ಮತ್ತೊಮ್ಮೆ ಪರೀಕ್ಷೆಗೆ ಕಳುಹಿಸಬೇಕಾದ ಅವಧಿ ಅದು; ಅವಧಿ ಕಳೆದದ್ದನ್ನು ಹಿಂದಕ್ಕೆ ಕೊಟ್ಟುಬಿಡಬೇಕು. ನಮ್ಮ ಹುಡುಗಿಯರು ಇದನ್ನು ಒಮ್ಮೆ ಕಲಿತರೆ ಮನೆಯವರಿಗೆಲ್ಲ ಓದಿ ಹೇಳುತ್ತಾರೆ.

ಸೋರುವದೋ ಇಲ್ಲವೋ ಎಂದು ತಿಳಿಯಲು ಬೆಂಕಿಕಡ್ಡಿ ಹಿಡಿದು ನೋಡುವವರು ಈಗಲೂ ಇದ್ದಾರೆಂದು ಕೇಳಿ ನಮಗೆ ಮೈ ಜುಮ್ಮೆಂದಿತು. ಬಟ್ಟೆ ಒಗೆಯುವ ಸಾಬೂನನ್ನು ನೀರಿನಲ್ಲಿ ಕದಡಿ ಕೂಡಿಕೆಗಳಿಗೆ ಹಚ್ಚಿರಿ. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತದೆ. ಇದಕ್ಕಿಂತ ನಂಬಿಗಸ್ತವಾದ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ. ಪರೀಕ್ಷಿಸಿದ ಮೇಲೆ ಸಾಬೂನನ್ನು ಸಿಹಿನೀರಿನಿಂದ ತೊಳೆದು ಒರಸಿಬಿಡಬೇಕು.

ಒಲೆಯ ಮುಂದೆ ನಿಲ್ಲುವವನ ವಿಷಯ. ಬೋಟು ಓಲಾಡುವಾಗ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕಾದ ಎಣ್ಣೆಯಲ್ಲಿ ಮೀನು ಕರಿಯುವ ಆಸೆಯನ್ನು ದಕ್ಕೆಗೆ ಮರಳುವ ತನಕ ತಡೆದುಕೊಳ್ಳಬೇಕು, ಒಲೆಯ ಸುತ್ತಲೂ ಪಾತ್ರೆ ಜಾರದಂತೆ ಕಬ್ಬಿಣದ ಕಟಕಟೆ ಇರಬೇಕು. ಗಾಳಿಗೆ ಜ್ವಾಲೆ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಒಲೆಗಳು ಈಗ ಬಂದಿವೆ. ಬೋಟಿಗೆ ಅಂಥದ್ದೇ ಯೋಗ್ಯ. ಒಲೆ ಉರಿಯುತ್ತಿರುವಷ್ಟು ಹೊತ್ತು ಒಬ್ಬನು ಅಲ್ಲಿರಲೇಬೇಕು. ಆದರೆ ಕುಚ್ಚಲಕ್ಕಿಗೆ ತಾಸುಗಟ್ಟಲೆ ಕಾವಲು ನಿಲ್ಲುವದು ಬಲೆ ಎಳೆಯುವ ಹೊತ್ತಿನಲ್ಲಿ ಆಗದ ಮಾತು. ಇಲ್ಲಿ ನಮ್ಮ ಗೃಹಿಣಿಯರಲ್ಲಿಯೇ ಒಂದು ಉತ್ತರವುಂಟು. ಕರಾವಳಿಯ ಎಷ್ಟೋ ಮನೆಗಳಲ್ಲಿ ಇರುವ ತರ್ಮಲ್ ಕುಕ್ಕರನ್ನು ಬೋಟಿಗೆ ಕೊಟ್ಟುಕಳುಹಿಸಿರಿ. ಅಕ್ಕಿ ಒಮ್ಮೆ ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಆ ಬಿಸಿ ಹಿಡಿಯುವ ಡಬ್ಬಿಯೊಳಗಿಟ್ಟು ಮುಚ್ಚಿದರೆ, ಬೆಂಕಿಯಿಲ್ಲದೆ ಅನ್ನವು ತಾನಾಗಿ ಬೇಯುತ್ತದೆ. ಒಲೆಯನ್ನೂ ರೆಗ್ಯುಲೇಟರನ್ನೂ ಬಂದ್ ಮಾಡಿ ಎಲ್ಲರೂ ಬಲೆಗೆ ಹೋಗಬಹುದು. ಗ್ಯಾಸೂ ಉಳಿಯಿತು, ಭಯವೂ ಉಳಿಯಲಿಲ್ಲ.

ಮಳೆ ಬಂತೆಂದು ಕ್ಯಾಬಿನಿನ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಒಳಗೆ ಅಡುಗೆ ಮಾಡುವದರಲ್ಲಿ ಬೇರೊಂದು ಅಪಾಯವುಂಟು. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂತು, ಕಣ್ಣು ಕತ್ತಲಾಯಿತು ಎನ್ನುವಷ್ಟರಲ್ಲಿ ಮನುಷ್ಯನು ಎದ್ದು ಬಾಗಿಲು ತೆರೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತಾನೆ. ನೀಲಿಯಾಗಿರಬೇಕಾದ ಜ್ವಾಲೆಯು ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯತೊಡಗಿದರೆ ಅದನ್ನೇ ಎಚ್ಚರಿಕೆಯೆಂದು ತಿಳಿಯಬೇಕು. ಒದ್ದೆ ಬಟ್ಟೆ ಒಣಗಲೆಂದು ಒಲೆಯನ್ನು ಉರಿಯಬಿಟ್ಟು ಮಲಗುವದು ಎಷ್ಟು ಮಾತ್ರಕ್ಕೂ ಕೂಡದು.

ಇಷ್ಟೆಲ್ಲ ಜಾಗ್ರತೆಯ ಮೇಲೂ ವಾಸನೆ ಬಂತೆನ್ನಿರಿ. ಮೊದಲು ರೆಗ್ಯುಲೇಟರು ಬಂದ್. ಒಲೆ, ಬೀಡಿ ಎಲ್ಲ ಆರಲಿ. ಸ್ವಿಚ್ಚನ್ನು ಹಾಕಲೂ ಬಾರದು ತೆಗೆಯಲೂ ಬಾರದು. ಇಂಜಿನನ್ನೂ ವಿದ್ಯುತ್ ಪಂಪನ್ನೂ ಮೊಬೈಲನ್ನೂ ಮುಟ್ಟಬಾರದು. ಎಲ್ಲರೂ ಡೆಕ್ಕಿಗೆ ಬರಬೇಕು, ಮುಚ್ಚಳಗಳನ್ನೆಲ್ಲ ತೆರೆಯಬೇಕು. ತಳದಲ್ಲಿ ನಿಂತ ಗ್ಯಾಸನ್ನು ಹೊರಹಾಕುವದು ಹೇಗೆ? ನೀರನ್ನು ಹೇಗೋ ಹಾಗೆಯೇ. ಪ್ಲಾಸ್ಟಿಕ್ ಬಾಲ್ದಿಯನ್ನು ತಳಕ್ಕೆ ಇಳಿಸಿ, ಬರಿದಾಗಿ ಕಂಡರೂ ಮೊಗೆದು ಕಡಲಿಗೆ ಸುರಿಯಬೇಕು. ನೂರು ಸಲ, ಇನ್ನೂರು ಸಲ. ಪರದೇಶದ ನಾವಿಕರು ಹೀಗೆ ಮಾಡುವದುಂಟು. ನೋಡುವವರಿಗೆ ನಗೆ ಬಂದೀತು, ಆದರೆ ನಮ್ಮ ಮೇಣದಬತ್ತಿಯ ಪ್ರಯೋಗವನ್ನು ಕಂಡವರು ನಗಲಾರರು.

ಬೆಂಕಿಯೇ ಹತ್ತಿಕೊಂಡರೆ, ಸಿಲಿಂಡರಿನ ಬಾಯಲ್ಲಿ ಉರಿಯುವದನ್ನು ಗ್ಯಾಸು ನಿಲ್ಲಿಸದೆ ಆರಿಸಲು ಹೋಗಬಾರದು. ಜ್ವಾಲೆ ಆರಿ ಗ್ಯಾಸು ಹೊರಡುತ್ತಲೇ ಇದ್ದರೆ ಅದು ತಳದಲ್ಲಿ ಕೂಡಿ ಎರಡನೆಯ ಬಾರಿ ದೊಡ್ಡದಾಗಿ ಹೊತ್ತೀತು. ಒದ್ದೆ ಗೋಣಿಯನ್ನು ಕೈಗೆ ಸುತ್ತಿಕೊಂಡು ರೆಗ್ಯುಲೇಟರನ್ನು ತಿರುಗಿಸುವದು ಮೊದಲ ಕೆಲಸ. ಕಡಲ ನೀರನ್ನು ಸಿಲಿಂಡರಿನ ಮೈಮೇಲೆ ಹೊಯ್ದು ತಣಿಸಬಹುದು. ಉರಿಯುವ ಎಣ್ಣೆಯ ಮೇಲೆ ಮಾತ್ರ ಹೊಯ್ಯಬಾರದು. ಒಣಪುಡಿಯ ಅಗ್ನಿಶಾಮಕವನ್ನು ಒಲೆಯ ಹತ್ತಿರವಲ್ಲ, ಕ್ಯಾಬಿನಿನ ಬಾಗಿಲ ಹೊರಗೆ ತೂಗುಹಾಕಬೇಕು. ಕೈಗೆ ಸಿಕ್ಕದ ಸ್ಥಳದಲ್ಲಿದ್ದು ಏನು ಪ್ರಯೋಜನ? ಫೋನು ಸಿಗುವ ದೂರದಲ್ಲಿದ್ದರೆ ಕೋಸ್ಟ್ ಗಾರ್ಡಿಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093, ದೂರದಲ್ಲಾದರೆ ವಿ.ಎಚ್.ಎಫ್. ರೇಡಿಯೋದ 16ನೆಯ ಚಾನೆಲು. ದಡದಲ್ಲಿ ಗ್ಯಾಸು ಸೋರಿದರೆ 1906.

ಬೋಟು ಎಷ್ಟು ಬೇಗ ಉರಿಯುತ್ತದೆಂಬದನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. 2023ನೆಯ ನವೆಂಬರ 13ರಂದು, ದೀಪಾವಳಿಯ ದಿವಸಗಳಲ್ಲಿ, ಗಂಗೊಳ್ಳಿಯಲ್ಲಿ ದಡದ ಬಳಿ ನಿಂತಿದ್ದ ಹಲವು ಬೋಟುಗಳು ಬೆಂಕಿಗೆ ಆಹುತಿಯಾದವು. ಅದನ್ನು ಅಡುಗೆ ಅನಿಲದ ದೃಷ್ಟಾಂತವಾಗಿ ನಾವು ಹೇಳುತ್ತಿಲ್ಲ. ಮರ, ಫೈಬರು, ಬಣ್ಣ, ನೈಲಾನ್ ಬಲೆ, ಡೀಸೆಲು ಇವು ಒಟ್ಟಾಗಿ ಹತ್ತಿಕೊಂಡಾಗ ದಡದಲ್ಲಿ, ಜನರ ಮಧ್ಯದಲ್ಲಿ ಇದ್ದರೂ ಉಳಿಸುವದು ಎಷ್ಟು ಕಷ್ಟವೆಂಬದಕ್ಕಾಗಿ ಹೇಳಿದೆವು. ದಡವೇ ಕಾಣದ ಕಡಲಿನಲ್ಲಿ ಅಷ್ಟೂ ಜನರು ಆ ಒಂದೇ ಬೋಟಿನವರು.

ಉಪ್ಪುಂದ, ಕೊಡೇರಿ, ಮರವಂತೆಗಳಿಂದ ಹೊರಟು ಕೆಲವು ತಾಸುಗಳಲ್ಲಿ ಮರಳುವ ನಾಡದೋಣಿಗಳಿಗೆ ಗ್ಯಾಸಿನ ಅಗತ್ಯವೇ ಇಲ್ಲ. ಗಂಜಿಯ ಬುತ್ತಿಯೂ ಫ್ಲಾಸ್ಕಿನಲ್ಲಿ ಚಹವೂ ಇದ್ದರೆ ಸಾಕು. ನಾವು ಹೇಳಿದ್ದು ಗಂಗೊಳ್ಳಿಯಿಂದಲೂ, ಬ್ರಹ್ಮಾವರದ ಕಡೆಯ ಹಂಗಾರಕಟ್ಟೆ ಕೋಡಿಬೆಂಗ್ರೆಗಳಿಂದಲೂ ದೂರದ ಕಡಲಿಗೆ ಹೋಗುವ ಬೋಟುಗಳ ಕುರಿತು. ಅಂಥವರು ಮನೆಯ 14.2 ಕಿಲೋ ಸಿಲಿಂಡರನ್ನು ಒಯ್ಯದಿರುವದೇ ಸರಿ. ಅದು ಮನೆಯ ಅಡುಗೆಗೆಂದು ಕೊಟ್ಟದ್ದು, ಬೇರೆ ಕೆಲಸಕ್ಕೆ ಉಪಯೋಗಿಸುವದು ಕಾನೂನಿಗೆ ವಿರೋಧ. ಮತ್ತು ಅದರ ಪುಸ್ತಕವು ಅನೇಕ ಮನೆಗಳಲ್ಲಿ ಹೆಂಗಸರ ಹೆಸರಿನಲ್ಲಿಯೇ ಇರುತ್ತದೆ. ಮನೆಯ ಸಂಪರ್ಕಕ್ಕೆ ಸೇರದೆ ಅಂಗಡಿಗಳಲ್ಲಿಯೂ ಪೆಟ್ರೋಲ್ ಬಂಕುಗಳಲ್ಲಿಯೂ ಬಿಡಿಯಾಗಿ ಮಾರುವ 5 ಕಿಲೋದ ಸಣ್ಣ ಸಿಲಿಂಡರು ಇದಕ್ಕೆ ಹೆಚ್ಚು ಯೋಗ್ಯ. ಬೆಲೆ ಸ್ವಲ್ಪ ಹೆಚ್ಚು, ಎರಡು ಬೇಕಾಗಬಹುದು. ಆದರೆ ಎತ್ತಲು, ಕಟ್ಟಲು, ಪೆಟ್ಟಿಗೆಯಲ್ಲಿ ಕೂಡಿಸಲು ಹಗುರ, ಒಮ್ಮೆ ಸೋರಿದರೂ ಸೋರುವದು ಅಷ್ಟೇ.

ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯಬಾರದೆಂದು ಸರಕಾರದ ಕಟ್ಟಳೆ ಇರುವದರಿಂದ, ಪೆಟ್ಟಿಗೆ ಮಾಡಿಸುವದಕ್ಕೂ ರೆಗ್ಯುಲೇಟರು ಬದಲಿಸುವದಕ್ಕೂ ವರ್ಷಕ್ಕೆ ಎರಡು ತಿಂಗಳ ಬಿಡುವು ತಾನಾಗಿಯೇ ದೊರೆಯುತ್ತದೆ. ಬಲೆ ಹೊಲಿಯುವದು, ಬಣ್ಣ ಬಳಿಯುವದು, ಇಂಜಿನು ಬಿಚ್ಚುವದು ಎಲ್ಲ ನಡೆಯುವದು ಆಗಲೇ.

ನಾವು ಮೊದಲು ಹೇಳಿದ ಆ ಮನೆಯಲ್ಲಿ, ಚೀಲಕ್ಕೆ ಹೋಗಿದ್ದ ಪೈಪನ್ನು ನಮ್ಮ ವಿದ್ಯಾರ್ಥಿನಿಯು ಅತ್ತೆಯ ಎದುರಿನಲ್ಲಿಯೇ ಹೊರತೆಗೆದು, ಬಗ್ಗಿಸಿ, ಅದರ ಮೈಯಲ್ಲಿ ಬಾಯಿಬಿಟ್ಟ ಸಣ್ಣ ಸಣ್ಣ ಬಿರುಕುಗಳನ್ನು ತೋರಿಸಿದಳು. ಆ ಹಿರಿಯರು ಕನ್ನಡಕವನ್ನು ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಾತೇನೂ ಆಡಲಿಲ್ಲ. ಆಮೇಲೆ ಎದ್ದು ಹೋಗಿ ಮೆಟ್ಟುಕತ್ತಿಯ ಮೇಲೆ ಅದನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ, ಇನ್ನು ಯಾರ ಬೋಟಿಗೂ ಹೋಗದಂತೆ ಮಾಡಿ, ಹೊಸ ಪೈಪಿಗೆಂದು ಮಗನ ಕೈಗೆ ಹಣ ಕೊಟ್ಟರು.